ಮೊದಲ ಮಳೆಯ ಚಿತ್ರ

ಬೆಳ್ತಂಗಡಿ
27.10.2025

ಶ್ರೀ ಭುಜಬಲಿಯವರಿಗೆ,

ಹದಿನೆಂಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ ಪದ್ಮಲತಾಳ ನಮಸ್ಕಾರ.

ನಿಮ್ಮ ಪತ್ರ ಕೈಸೇರಿತು. ಕಣ್ಣಿನ ನರ ಒಣಗುತ್ತಿದೆ, ದೀಪಾವಳಿಯವರೆಗೆ ದೃಷ್ಟಿ ಉಳಿದರೆ ಹೆಚ್ಚು ಎಂದು ಡಾಕ್ಟರ್ ಹೇಳಿದ್ದಾರೆ, ಅಷ್ಟರೊಳಗೆ ಆ ಕೊಕ್ಕರೆಯ ಚಿತ್ರವನ್ನು ಒಮ್ಮೆ ನೋಡಬೇಕು, ಕಳುಹಿಸು ಎಂದು ಬರೆದಿದ್ದಿರಿ. ಓದಿ ಪಾಪ ಅನ್ನಿಸಿತು, ಒಂದು ಗಳಿಗೆ.

ನಿಮ್ಮ ಸಂಗ್ರಹದಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳು ನಲವತ್ತಕ್ಕೂ ಹೆಚ್ಚಿವೆ. ಆದರೆ ಮಳೆಯಲ್ಲಿ ನಿಂತ ಕೊಕ್ಕರೆಯ ಇದೊಂದನ್ನು ಕ್ಯೋಟೋದ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೆ ಆರಿಸಿದ್ದೆವು. ಅಲ್ಲಿಯವರ ಹಾಗೆ ಪ್ರತಿ ಚಿತ್ರಕ್ಕೂ ಅದರದ್ದೇ ಋತು ಎಂದು ನಾವೂ ನೇಮ ಮಾಡಿಕೊಂಡೆವು. ಕೊಕ್ಕರೆ ಪೆಟ್ಟಿಗೆಯಿಂದ ಹೊರಬರುವುದು ಮೊದಲ ಮಳೆಯ ದಿನ ಮಾತ್ರ. ಬೆಳಿಗ್ಗೆ ಕಡಲಕೆರೆಯ ದಂಡೆಯಲ್ಲಿ ನಿಜವಾದ ಕೊಕ್ಕರೆ ನೋಡಿ, ನೆನೆದು ಬಂದು, ನಾವಿಬ್ಬರೇ ಅದರ ಮುಂದೆ ಕೂರುತ್ತಿದ್ದೆವು.

ಹೋದ ವರ್ಷ ಮಾರ್ಚಿನಲ್ಲಿ ಬಂಟ್ವಾಳದ ಮದುವೆಯಿಂದ ನಾನು ಬೇಗ ಮರಳಿದಾಗ, ಸುಡುಬಿಸಿಲಿನ ಮಧ್ಯಾಹ್ನ ಆ ಚಿತ್ರ ಗೋಡೆಯಲ್ಲಿತ್ತು. ಎದುರಿಗೆ ನನ್ನ ಚಾಪೆಯಲ್ಲಿ ಕಾಲೇಜಿನ ಡ್ರಾಯಿಂಗ್ ಟೀಚರ್ ಸಾಧನಾ. "ಒಂದು ಚಿತ್ರ ತೋರಿಸಿದ್ದಕ್ಕೆ ಇಷ್ಟು ರಂಪ ಎಂತಕ್ಕೆ ಮಾರಾಯ್ತಿ?" ಅಂದಿರಿ. ಅವಳನ್ನು ಮನೆಗೆ ಕರೆದದ್ದನ್ನು ಕ್ಷಮಿಸಿಯೇನು. ಮಳೆಗೆ ಮೊದಲೇ ಅದನ್ನು ತೆರೆದದ್ದನ್ನು ಕ್ಷಮಿಸಲಾರೆ. ಅದಕ್ಕೇ ಚಿತ್ರ ಎತ್ತಿಕೊಂಡು ತಂಗಿಯ ಮನೆಗೆ ಬಂದೆ. ಈಗ ಸಾಧನಾ ನಿಮ್ಮ ಮನೆಯಲ್ಲೇ ಇದ್ದಾಳಂತೆ.

ನಿಮ್ಮ ಪತ್ರ ಬಂದದ್ದು ಮೇ ಕೊನೆಯಲ್ಲಿ. ಇಲ್ಲಿಂದ ಮೂಡುಬಿದಿರೆಯ ನಿಮ್ಮ ಮನೆಗೆ ಬಸ್ಸಿನಲ್ಲಿ ಹೆಚ್ಚೆಂದರೆ ಎರಡು ಗಂಟೆಯ ದಾರಿ. ನಾನು ಐದು ತಿಂಗಳು ತೆಗೆದುಕೊಂಡೆ. ದೀಪಾವಳಿ ಮುಗಿಯಲಿ ಎಂದು ಬೇಕೆಂದೇ ಕಾದೆ. ತಂಗಿಯ ಗಂಡ ಶ್ರೇಯಾಂಸ್ ನಿಮ್ಮನ್ನು ನೋಡಿ ಬಂದು, ಈಗ ಏನೂ ಕಾಣುವುದಿಲ್ಲ ಎಂದು ಹೇಳಿದ ಮೇಲೆ ಚಿತ್ರವನ್ನು ಕಟ್ಟಿದೆ. ಅದು ಈ ಪತ್ರದ ಜೊತೆಗೇ ತಲುಪುತ್ತದೆ. ಹುಳ ತಿಂದಿಲ್ಲ, ಬೂಷ್ಟು ಹಿಡಿದಿಲ್ಲ, ಮಳೆಯ ನೀಲಿ ಹಾಗೆಯೇ ಇದೆ. ಇನ್ನು ಯಾವ ಋತುವಿನಲ್ಲಿ ಬೇಕಾದರೂ ತೂಗುಹಾಕಿಕೊಳ್ಳಿ.

ಇಂತು,
ಪದ್ಮಲತಾ

ತಾ.ಕ.: ಸಾಧನಾ, ಇದನ್ನು ಅವರಿಗೆ ನೀನೇ ಓದಿ ಹೇಳುತ್ತಿರಬೇಕು. ಕೊಕ್ಕರೆಯ ಕಾಲ ಬುಡದ ಎಲೆಯ ಕೆಳಗೆ ಅಕ್ಕಿಕಾಳಿನಷ್ಟು ಪುಟ್ಟ ಕಪ್ಪೆಯೊಂದಿದೆ, ನೋಡು. ಎಂಥ ಶಾಂತಿ, ಎಂಥ ಧ್ಯಾನ ಎಂದು ಇವರು ಪ್ರತಿ ವರ್ಷ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು. ಆ ಹಕ್ಕಿ ಕಪ್ಪೆಗೆ ಹೊಂಚು ಹಾಕಿ ನಿಂತಿದೆ. ಒಂದು ದಿನ ಇವರೇ ಕಂಡುಹಿಡಿಯಲಿ ಎಂದು ನಾನು ಇಷ್ಟು ವರ್ಷ ಹೇಳದೆ ಉಳಿದೆ. ಕಪ್ಪೆ ಇದೆಯೋ ಇಲ್ಲವೋ ಎಂಬುದಕ್ಕೆ, ಇನ್ನು ನೀನು ಹೇಳಿದ್ದನ್ನೇ ಇವರು ನಂಬಬೇಕು.