‘ಅತ್ತಿಗೆ’ ಎಂಬ ಫೋಲ್ಡರು

ಜೂನ್ 14, ಭಾನುವಾರ
ನಿಮ್ಮ ಕೆಲಸದ ಕೋಣೆ, ಕಿಟಕಿಯ ಪಕ್ಕ

ನನ್ನ ಮುದ್ದಿನ, ಮುಂಗೋಪದ ಅತ್ತಿಗೆಗೆ,

ನಿಮ್ಮ ಒಬ್ಬಳೇ ನಾದಿನಿಯ ನಮಸ್ಕಾರಗಳು. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಫೋನಿರುವಾಗ ಕಾಗದ ಯಾಕೆ ಬಂತಪ್ಪಾ ಎಂದು ಎದೆ ಹಿಡಿದುಕೊಂಡು ಕೂರಬೇಡಿ. ಫೋನಿನಲ್ಲಿ ನಾನು ನಮ್ಮ ವೆಬ್‌ಸೈಟಿನ ಮಾತು ಎತ್ತುವಷ್ಟರಲ್ಲಿ ನೀವು "ಇಡ್ತೀನಿ ಕಣೇ, ಗಿರಾಕಿ ಬಂದ್ರು" ಅನ್ನುತ್ತೀರಿ. ಪ್ಲಾಸ್ಟಿಕ್ ಕುರ್ಚಿ ಅಂಗಡಿಗೆ ಅಷ್ಟೊಂದು ಗಿರಾಕಿಗಳು ಬರುತ್ತಾರೆ ಎಂದರೆ ನಾನು ನಂಬುವವಳಲ್ಲ. ಕಾಗದವನ್ನಾದರೆ ನೀವು ನಡುವೆ ಕಟ್ ಮಾಡಲಾರಿರಿ. ಹರಿದು ಹಾಕಬಹುದು ನಿಜ, ಆದರೆ ಓದದೆ ಹರಿಯುವವರ ಪೈಕಿಯವರಲ್ಲ ನೀವು.

ವಿಷಯಕ್ಕೆ ಬರುತ್ತೇನೆ. ಬರುವ ಒಂದನೇ ತಾರೀಕು ಅಂಗಡಿಯ ಯಜಮಾನರಿಗೆ ‘ಇನ್ನು ಇಲ್ಲೇ ಇರುತ್ತೇನೆ’ ಎಂದು ಮಾತು ಕೊಡುತ್ತೀರಂತೆ, ಅಮ್ಮನ ಹತ್ತಿರ ಹೇಳಿದಿರಂತೆ. ದಯವಿಟ್ಟು ಕೊಡಬೇಡಿ. ಜನರಿಗೆ ಬೆತ್ತದ ಕುರ್ಚಿ ಬೇಡವಾಯಿತು, ನಿಮ್ಮ ಪಾಠ ಬೇಡವಾಯಿತು ಎಂದುಕೊಂಡು ಈ ಕೋಣೆಗೆ ಬೀಗ ಹಾಕಿ ನಿಮ್ಮ ಅಕ್ಕನ ಊರಿಗೆ ಹೊರಟುಬಿಟ್ಟಿರಲ್ಲ, ಆ ಕಾರಣವೇ ಸುಳ್ಳು. ಜನ ನಿಮ್ಮನ್ನು ಹುಡುಕುತ್ತಲೇ ಇದ್ದರು ಅತ್ತಿಗೆ. ಅವರ ಕೈಗೆ ನೀವು ಸಿಗದ ಹಾಗೆ ಮಾಡಿದವಳು ನಾನು.

ಈಗ ಕುಳಿತುಕೊಂಡು ಓದಿ. ಸಾಧ್ಯವಾದರೆ ಬೆತ್ತದ ಕುರ್ಚಿಯ ಮೇಲೆ.

ಆ ಫೋಟೊ ನೆನಪಿದೆಯಾ? ನೀವು ಒದ್ದೆ ಬೆತ್ತದ ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಳೆ ಜಾರದಂತೆ ತೂತಿಗೆ ತುರುಕುವ ಎರಡು ಪುಟ್ಟ ಮರದ ಗೂಟ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಯಾರ ಮೇಲೋ ಯುದ್ಧಕ್ಕೆ ಹೊರಟವರ ಹಾಗೆ ಕುರ್ಚಿಯ ಮೇಲೆ ಬಗ್ಗಿದ್ದು? ಕುರ್ಚಿ ಹೆಣೆಯುವ ಪಾಠಗಳಿಗಾಗಿ ನಾವಿಬ್ಬರೂ ಸೇರಿ ವೆಬ್‌ಸೈಟು ಶುರು ಮಾಡಿದಾಗ ನಾನು ಅದನ್ನೇ ಮೊದಲ ಪುಟಕ್ಕೆ ಹಾಕಿದ್ದೆ. ನೀವು ಕೆಂಡವಾದಿರಿ. "ಯಾರಾದ್ರೂ ಹುಡುಕಿದ್ರೆ ನನ್ನ ಈ ಅವತಾರ ಸಿಗ್ಬಾರ್ದು, ಹೇಳಿದೀನಿ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿಸಿಕೊಂಡಿರಿ. ನಾನೂ ಮಾತಿಗೆ ತಪ್ಪದವಳು. ‘ಅತ್ತಿಗೆ’ ಎಂದು ಹೆಸರಿಟ್ಟು ಒಂದು ಫೋಲ್ಡರು ಮಾಡಿದೆ, ಫೋಟೊ ಅದರೊಳಗೆ ಹಾಕಿದೆ, ಬಾಗಿಲಿಗೆ ಒಂದು ಸಾಲು ಬರೆದೆ.

ಆ ಸಾಲಿನ ಕಥೆ ನಿಮಗೆ ಹೇಳಬೇಕು. ಸರ್ಚ್ ಕಂಪನಿಗಳ ಪ್ರೋಗ್ರಾಮುಗಳು ಜನಗಣತಿಯವರ ಹಾಗೆ ಸೈಟಿನಿಂದ ಸೈಟಿಗೆ ಅಲೆಯುತ್ತಿರುತ್ತವೆ. ಒಳಗೆ ಏನಿದೆ ಎಂದು ನೋಡಿ ಬರೆದುಕೊಂಡು ಹೋಗುತ್ತವೆ. ನಾಳೆ ಯಾರಾದರೂ ‘ಜೋತುಬಿದ್ದ ಕುರ್ಚಿ ಸರಿ ಮಾಡುವುದು ಹೇಗೆ’ ಎಂದು ಹುಡುಕಿದರೆ ಆ ಬರೆದುಕೊಂಡದ್ದನ್ನು ನೋಡಿಯೇ ದಾರಿ ತೋರಿಸುತ್ತವೆ. ಆದರೆ ಮರ್ಯಾದಸ್ಥ ಗಣತಿಯವರು. ಬಾಗಿಲಲ್ಲಿ ‘ಈ ಕೋಣೆಗೆ ಬರಬೇಡಿ’ ಎಂದು ಒಂದು ಸಾಲು ಬರೆದಿಟ್ಟರೆ ಆ ಕೋಣೆಯ ಕಡೆ ತಲೆಯೂ ಹಾಕುವುದಿಲ್ಲ. ನಾನು ಬರೆದದ್ದು ಅಂಥ ಸಾಲು. ‘ಅತ್ತಿಗೆ’ ಎಂಬ ಕೋಣೆಗೆ ಪ್ರವೇಶವಿಲ್ಲ.

ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ನಿಮ್ಮ ಪಾಠಗಳು ಓಡಿದವು, ಪಾಠದ ನಡುವೆ ಬರುವ ಜಾಹೀರಾತಿನ ದುಡ್ಡಿನಲ್ಲಿ ಈ ಕೋಣೆಯ ಬಾಡಿಗೆ ಹೋಗಿ, ಹೊಸ ಬೆತ್ತದ ಕಟ್ಟೂ ಬರುತ್ತಿತ್ತು. ಆಮೇಲೆ ನನಗೆ ಶೋಕಿ ಹತ್ತಿತು. ಹಲ್ಲಿನ ಡಾಕ್ಟರುಗಳಿಗೆಲ್ಲ ಥಳಥಳಿಸುವ ಸೈಟು ಮಾಡಿಕೊಡುವ ಆಫೀಸಿನಲ್ಲಿ ಕೆಲಸ ಮಾಡುವವಳು ನಾನು, ನಮ್ಮ ಅತ್ತಿಗೆಯ ಸೈಟು ಮಾತ್ರ ಹಳೇ ಗೋಡೆ ಕ್ಯಾಲೆಂಡರಿನ ಹಾಗಿರಬೇಕೇ? ಹೊಸ ವಿಧಾನದಲ್ಲಿ ಕಟ್ಟಿದೆ. ಈ ವಿಧಾನದಲ್ಲಿ ಓದುವವರ ಫೋನಿಗೆ ಮೊದಲು ಹೋಗುವುದು ಬರೀ ಖಾಲಿ ಚೌಕಟ್ಟು. ಎಳೆಗಳೆಲ್ಲ ಬೇರೆ ಕಡೆಯಿಂದ ಬಂದು ಅವರ ಫೋನಿನಲ್ಲೇ ಕೂತು ಪುಟ ಹೆಣೆದುಕೊಳ್ಳುತ್ತವೆ. ನಿಮಗೂ ತೋರಿಸಿದ್ದೆ, "ಚೆನ್ನಾಗಿದೆ ಕಣೇ, ಆದ್ರೆ ಓದ್ತಿದ್ರೆ ಪುಟ ಕುಪ್ಪಳಿಸುತ್ತೆ" ಅಂದಿರಿ. ಜಾಹೀರಾತು ತಡವಾಗಿ ಬಂದು ಅಕ್ಷರಗಳನ್ನು ಕೆಳಕ್ಕೆ ನೂಕುತ್ತಿತ್ತು. ಅದಕ್ಕೆ ನಾನು ನಕ್ಕೆ. ನಗಬಾರದಿತ್ತು.

ಈಗ ಹೇಳಿ, ಆ ಎಳೆಗಳನ್ನೆಲ್ಲ, ಅಂದರೆ ನಿಮ್ಮ ಪಾಠಗಳನ್ನೆಲ್ಲ, ನಾನು ಎಲ್ಲಿಟ್ಟಿರಬಹುದು? ಪಾಠ ಯಾರದು, ಅತ್ತಿಗೆಯದು. ‘ಅತ್ತಿಗೆ’ ಎಂಬ ಫೋಲ್ಡರು ರೆಡಿಯಾಗಿಯೇ ಇದೆಯಲ್ಲ! ಎಲ್ಲವನ್ನೂ ಅದರೊಳಗೇ ತುಂಬಿದೆ. ಬಾಗಿಲ ಮೇಲಿನ ಸಾಲು ನನಗೆ ನೆನಪೇ ಇರಲಿಲ್ಲ.

ನಮ್ಮ ಫೋನಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಗಣತಿಯವರು ಮಾತ್ರ ಬಂದು, ಎಳೆಯಿರುವ ಕೋಣೆಗೆ ಪ್ರವೇಶವಿಲ್ಲ ಎಂದು ಓದಿ, ಖಾಲಿ ಚೌಕಟ್ಟು ನೋಡಿ, ‘ಇಲ್ಲೇನೂ ಇಲ್ಲ’ ಎಂದು ಬರೆದುಕೊಂಡು ಹೋದರು. ಹೆಣೆಯದ ಕುರ್ಚಿಯ ಮೇಲೆ ಯಾರನ್ನು ತಾನೇ ಕೂರಿಸಲಾದೀತು? ಹುಡುಕುವವರಿಗೆ ನಾವು ಮೊದಲು ಎರಡನೇ ಪುಟಕ್ಕೆ ಜಾರಿದೆವು, ಆಮೇಲೆ ಎಲ್ಲಿಗೋ. ಜನ ಕಡಿಮೆಯಾದ ಹಾಗೆ ಜಾಹೀರಾತಿನ ದುಡ್ಡೂ ಕರಗಿತು. ನೀವು ದಿನಾ ಬೆಳಗ್ಗೆ ಬಂದು ನನ್ನ ಭುಜದ ಮೇಲಿಂದ ಲೆಕ್ಕ ನೋಡಿ, ಹೋಗಿ ಬೆತ್ತ ನೆನೆಹಾಕುತ್ತಿದ್ದಿರಿ. 

ಕೊನೆಗೆ ಜಾಹೀರಾತು ಕಂಪನಿಯವರು ನಮ್ಮ ಖಾತೆಯನ್ನೇ ಮುಚ್ಚಿಬಿಟ್ಟರು. "ಅವ್ರಿಗೂ ಬೇಡವಾದೆ ನೋಡು" ಅಂದಿರಿ. ಅದೇ ವಾರವೇ ಅಲ್ಲವೇ ಆ ಪ್ಲಾಸ್ಟಿಕ್ ಕುರ್ಚಿ ಅಂಗಡಿಯವರ ಜಾಹೀರಾತು ಫೋನಿನಲ್ಲಿ ಕಣ್ಣಿಗೆ ಬಿದ್ದು, ‘ಕೆಲಸಕ್ಕೆ ಬೇಕಾಗಿದ್ದಾರೆ’ ಎಂದು ಓದಿ ನೀವು ಅರ್ಜಿ ಹಾಕಿದ್ದು? ಆಗ ನಮ್ಮ ಮನೆಯ ಯಾವ ಫೋನು ತೆರೆದರೂ ಪ್ಲಾಸ್ಟಿಕ್ ಕುರ್ಚಿಗಳೇ. ಅಮ್ಮ ಫೋನು ನೋಡಿ ಸ್ವೆಟರು ಹೆಣೆಯುವುದು ಕಲಿಯೋಣವೆಂದು ಕೂತರೆ ಅಲ್ಲೂ ಕುರ್ಚಿ. "ಈ ಫೋನಿಗೆ ಕುರ್ಚಿ ಹುಚ್ಚು ಹಿಡಿದಿದೆ, ಯಾರಿಗಾದ್ರೂ ತೋರ್ಸೇ" ಎಂದು ನನ್ನ ಹಿಂದೆ ಬಿದ್ದಿದ್ದರಲ್ಲ.

ಹೊರಡುವ ದಿನ ನೀವು ನನಗೊಂದು ಮಾತು ಹೇಳಿದಿರಿ. "ನಿಮ್ಮಣ್ಣ ಒಂದಿನಾನಾದ್ರೂ ನನ್ನ ಪಾಠ ತೆಗೆದು ನೋಡಿದಾರಾ? ಮನೆಯವರಿಗೇ ಬೇಡದ್ದು ಊರಿಗೆ ಯಾಕೆ ಬೇಕು?"  ಅಣ್ಣನಾದರೋ ಲಿಫ್ಟ್ ರಿಪೇರಿಯ ಚೀಲ ಹೆಗಲಿಗೇರಿಸಿ, "ಹುಷಾರಾಗಿ ಹೋಗ್ಬಾ" ಎಂದಷ್ಟೇ ಹೇಳಿ, ನಿಮ್ಮ ಪೆಟ್ಟಿಗೆಯನ್ನು ಬಸ್ಸಿಗೆ ಹತ್ತಿಸಿ ಬಂದ. ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ನಿಂತ ಲಿಫ್ಟು ಮೇಲೆತ್ತುವುದು ಸುಲಭ.

ತಪ್ಪು ಸಿಕ್ಕಿದ ಬಗೆ ಕೇಳಿ. ಹೋದ ತಿಂಗಳು ಆಫೀಸಿಗೆ ಒಬ್ಬರು ಹಲ್ಲಿನ ಡಾಕ್ಟರು ಬಂದಿದ್ದರು. ಅವರ ಸೈಟು ಸರ್ಚಿನವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ತೋರಿಸುವ ಒಂದು ಸಾಧನವಿದೆ, ಅದನ್ನು ತೆರೆದಿದ್ದೆ. ಅವರದು ಚೆನ್ನಾಗಿಯೇ ಕಂಡಿತು. ಸುಮ್ಮನೆ, ಕೈ ತಡೆಯಲಾರದೆ, ನಮ್ಮ ಸೈಟಿನ ವಿಳಾಸ ಹಾಕಿದೆ. ಬೆಳ್ಳಗೆ! ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಏನೂ ಇಲ್ಲ. ಅದರ ಕೆಳಗೆ ಕಾರಣ ಬರೆದಿತ್ತು. ‘ಅತ್ತಿಗೆ’, ಪ್ರವೇಶವಿಲ್ಲ. ಮೊದಲು ನಗು ಬಂತು, ಹಿಂದೆಯೇ ಅಳು ಬಂತು, ಎರಡನ್ನೂ ತಡೆಯಲು ಕೆನ್ನೆ ಅದುಮಿ ಹಿಡಿದುಕೊಂಡೆ. ಎದುರಿಗೆ ಕೂತ ಡಾಕ್ಟರು ಗಾಬರಿಯಾಗಿ "ಯಾವ ಕಡೆ ಹಲ್ಲಮ್ಮಾ?" ಎಂದು ಕೇಳಿದರು.

ಅವತ್ತೇ ಕೂತು ಎಲ್ಲ ಬಿಚ್ಚಿದೆ. ಪಾಠಗಳನ್ನು ಬೇರೆ ಕೋಣೆಗೆ ಸಾಗಿಸಿದೆ. ಪುಟ ನಮ್ಮ ಕಡೆಯೇ ಪೂರ್ತಿ ಹೆಣೆದುಕೊಂಡು ಹೋಗುವ ಹಾಗೆ ಮಾಡಿದೆ, ಈಗ ಯಾರ ಫೋನೂ ಕೂತು ಹೆಣೆಯಬೇಕಾಗಿಲ್ಲ. ಭಾರದ ಫೋಟೊಗಳನ್ನು ಹಗುರ ಮಾಡಿದೆ. ಜಾಹೀರಾತಿಗೆ ಪಾಠದ ಕೆಳಗೆ ಮೊದಲೇ ಜಾಗ ಬಿಟ್ಟಿದ್ದೇನೆ, ಬೇಗ ಬಂದರೂ ತಡವಾಗಿ ಬಂದರೂ ಅಲ್ಲೇ ಕೂರಬೇಕು. ಪುಟ ಕುಪ್ಪಳಿಸುವುದಿಲ್ಲ ಅತ್ತಿಗೆ. ನಿಮ್ಮ ಮಾತೇ ಸರಿ, ಒಪ್ಪಿಕೊಂಡೆ, ಸಂತೋಷವಾಯಿತಾ? ಫೋಟೊ ಮಾತ್ರ ಇನ್ನೂ ಬೀಗದೊಳಗೇ ಇದೆ. ಆಣೆ ಅಂದರೆ ಆಣೆ.

ಗಣತಿಯವರು ಮತ್ತೆ ಬಂದರು. ಜನ ಬಂದರು! ಮೊದಲು ಒಬ್ಬೊಬ್ಬರಾಗಿ, ಆಮೇಲೆ ಗುಂಪುಗುಂಪಾಗಿ. ಒಂದು ಲೈಬ್ರರಿಯವರು ನಿಮ್ಮ ಪಾಠ ನೋಡಿ ಓದುವ ಕೋಣೆಯ ಕುರ್ಚಿಗಳನ್ನೆಲ್ಲ ತಾವೇ ಹೆಣೆದುಕೊಂಡರಂತೆ, ಸಾಲಾಗಿ ನಿಲ್ಲಿಸಿ ಫೋಟೊ ಕಳಿಸಿದ್ದಾರೆ. ಒಬ್ಬರು ತಾತ, ಹೆಂಡತಿ ಕೂರುತ್ತಿದ್ದ ಕುರ್ಚಿಯನ್ನು ಎಸೆಯಲು ಹೊರಟವರು, ಎಸೆಯದೆ ಹೆಣೆಯಲು ಕೂತಿದ್ದಾರಂತೆ. ನಾನು ಅದನ್ನು ಅಮ್ಮನಿಗೆ ಓದಿ ಹೇಳಿದೆ, ಅಮ್ಮ ಸ್ವೆಟರಿನಲ್ಲಿ ಮೂಗು ಒರೆಸಿಕೊಂಡರು.

ಜಾಹೀರಾತಿನವರೂ ಖಾತೆ ಮತ್ತೆ ತೆರೆದಿದ್ದಾರೆ. ಉದ್ದುದ್ದ ಕ್ಷಮಾಪಣೆ ಬರೆದು ಕೈಮುಗಿದೆ. ಈ ತಿಂಗಳ ಬಾಡಿಗೆ ನಿಮ್ಮ ಪಾಠಗಳೇ ಕಟ್ಟಿವೆ. ಅವರು ಅವತ್ತು ಖಾತೆ ಮುಚ್ಚಿದ್ದು ಯಾಕೆ ಎಂದು ಮಾತ್ರ ಕೇಳಬೇಡಿ. ಒಬ್ಬರಿಗೆ ಮಾತು ಕೊಟ್ಟಿದ್ದೇನೆ, ಬಾಯಿಗೆ ಬೀಗ. ಮೋಸವಲ್ಲ, ಶುದ್ಧ ಪೆದ್ದುತನ ಎಂದಷ್ಟೇ ತಿಳಿದುಕೊಳ್ಳಿ.

ತೊಂದರೆ ಏನೆಂದರೆ, ಬಂದವರು ಸುಮ್ಮನೆ ಹೋಗುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಬೆತ್ತ ಎಷ್ಟು ಹೊತ್ತು ನೆನೆಯಬೇಕು? ಮೂಲೆಯಲ್ಲಿ ತೂತು ಸಾಲದಿದ್ದರೆ? ನನಗೆ ಸೈಟು ಗೊತ್ತು, ಕುರ್ಚಿ ಗೊತ್ತಿಲ್ಲ. ಎಲ್ಲರಿಗೂ ‘ಅತ್ತಿಗೆಯನ್ನು ಕೇಳಿ ಹೇಳುತ್ತೇನೆ’ ಎಂದು ಬರೆದು ಸಾಕಾಗಿದೆ. ಅದರಲ್ಲೂ ಹೆಸರು ಹಾಕದ ಒಬ್ಬ ಮಹಾಶಯ ಇದ್ದಾನೆ. ಜನ ಬರುವುದು ನಿಂತುಹೋಗಿದ್ದ ತಿಂಗಳುಗಳಲ್ಲೂ ಅವನೊಬ್ಬ ತಪ್ಪದೆ ಬರುತ್ತಿದ್ದ. ಬಂದು ಒಂದೇ ಪಾಠ ಓದುತ್ತಾನೆ, ಒಂದೇ ಪ್ರಶ್ನೆ ಕೇಳುತ್ತಾನೆ: ‘ಮೂಲೆಯಿಂದ ಮೂಲೆಗೆ ಹೋಗುವ ಓರೆ ಎಳೆ ಉಳಿದ ಎಳೆಗಳ ನಡುವೆ ನುಣ್ಣಗೆ ಜಾರಿದರೆ ಸರಿ, ಉಜ್ಜಿದರೆ ತಪ್ಪು ಎಂದು ಹೇಳಿದ್ದೀರಿ. ನನ್ನದು ಉಜ್ಜುತ್ತಿದೆ. ಏನು ಮಾಡಲಿ?’ ಪಾಪ, ಅವನಿಗಾದರೂ ಉತ್ತರ ಬೇಡವೇ?

ಅತ್ತಿಗೆ, ನಿಮ್ಮ ನೀರಿನ ತೊಟ್ಟಿ ತೊಳೆದು ಬಿಸಿಲಿಗಿಟ್ಟಿದ್ದೇನೆ. ಹೊಸ ಬೆತ್ತದ ಕಟ್ಟು ಬಂದಿದೆ, ಕೋಣೆಯಲ್ಲೆಲ್ಲ ಅದರ ವಾಸನೆ. ನೀವಿಲ್ಲದ ಮನೆ ನನಗೆ ಚೂರೂ ಇಷ್ಟವಾಗುವುದಿಲ್ಲ. ಯಜಮಾನರಿಗೆ ಹೇಳಿ, ನಮ್ಮ ಮನೆಯಲ್ಲಿ ಕುರ್ಚಿಗಳು ಕಾಯುತ್ತಿವೆ, ಬರುತ್ತೇನೆ ಎಂದು. ಪ್ಲಾಸ್ಟಿಕ್ಕಿನವಕ್ಕೆ ನಿಮ್ಮ ಅಗತ್ಯವಿಲ್ಲ, ಅವು ಅಚ್ಚಿನಿಂದ ಬಿದ್ದು ತಮ್ಮ ಪಾಡಿಗೆ ನಿಲ್ಲುತ್ತವೆ.

ನಿಮ್ಮ ಬೈಗುಳಕ್ಕೆ ಕಿವಿ ತೆರೆದು ಕೂತಿರುವ,
ನಿಮ್ಮ ನಾದಿನಿ

ವಿ.ಸೂ.: ಅಣ್ಣ ಈಗಷ್ಟೇ ಬಾಗಿಲಲ್ಲಿ ಇಣುಕಿ, "ನನ್ ಗುಟ್ಟು ಬರ್ದಿಲ್ಲ ತಾನೆ?" ಎಂದು ಕೇಳಿದ. ಇಲ್ಲ ಎಂದೆ. ಅವನು ಕೇಳಿದಾಗ ಅದು ನಿಜವಾಗಿತ್ತು. ಇನ್ನು ಬೀಗ ತೆಗೆಯುತ್ತೇನೆ, ತಡೆಯಲಾರೆ.

ಜನ ಕಡಿಮೆಯಾದಾಗ ನಿಮ್ಮ ಮುಖ ಬಾಡಿದ್ದನ್ನು ಅವನು ನೋಡಿದ್ದ. ಜಾಹೀರಾತು ಒತ್ತಿದರೆ ದುಡ್ಡು ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಮನೆಯ ಒಂದೊಂದೇ ಫೋನು ಎತ್ತಿಕೊಂಡು, ನಿಮ್ಮ ಪಾಠ ತೆರೆದು, ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಜಾಹೀರಾತನ್ನೆಲ್ಲ ಒತ್ತಿದ್ದಾನೆ, ಅಮ್ಮನ ಫೋನು, ನಿಮ್ಮದು ಯಾವುದನ್ನೂ ಬಿಡದೆ. ಒಂದೇ ಮನೆಯಿಂದ ಇಷ್ಟೊಂದು ಒತ್ತಿದರೆ ಕಳ್ಳಾಟವೆಂದು ಕಂಪನಿಯವರು ಖಾತೆ ಮುಚ್ಚದೆ ಇನ್ನೇನು ಮಾಡುತ್ತಾರೆ? ಒತ್ತಿದ್ದನ್ನೇ ಮತ್ತೆ ಮತ್ತೆ ತೋರಿಸುವುದು ಜಾಹೀರಾತಿನವರ ಪದ್ಧತಿ, ಹಾಗಾಗಿ ಫೋನುಗಳಿಗೆ ಕುರ್ಚಿ ಹುಚ್ಚು ಹಿಡಿಸಿದವನೂ ಅವನೇ, ಆ ಅಂಗಡಿಯ ಜಾಹೀರಾತು ನಿಮ್ಮ ಕಣ್ಣಿಗೆ ಬೀಳಿಸಿದವನೂ ಅವನೇ. ನಾನು ಹಿಡಿದಾಗ ಕಿವಿಯವರೆಗೆ ಕೆಂಪಾದ.

ಜಾಹೀರಾತು ನಿಂತ ಮೇಲೂ ಅವನು ಓದುವುದು ಬಿಡಲಿಲ್ಲ. ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಪಳಗಿದ ಆ ಕೈಯಲ್ಲಿ ಅದೆಷ್ಟು ಬೆತ್ತ ಪಟಪಟ ಮುರಿಯಿತೋ. ನಿಮ್ಮ ಬೆಂಚಿನ ಮೇಲೆ ಅರ್ಧ ಹೆಣೆದ ಒಂದು ಕುರ್ಚಿಯಿದೆ. ಉದ್ದ ಎಳೆ, ಅಡ್ಡ ಎಳೆ ಮುಗಿದಿವೆ. ಓರೆ ಎಳೆ ಉಜ್ಜುತ್ತಿದೆ. ಅದಕ್ಕೆ ಉತ್ತರವನ್ನು ಸೈಟಿನಲ್ಲಿ ಬರೆಯಬೇಡಿ ಅತ್ತಿಗೆ. ಬಂದು ಹೇಳಿ.