ಲೇಯಾಳ ಕಪಾಟು

ಅಬು ಹಲೀಫಾ, ಶುಕ್ರವಾರ

ಪ್ರೀತಿಯ ಉಮ್ಮಾ,

ಅಸ್ಸಲಾಮು ಅಲೈಕುಂ. ನಾನು ನೋಡಿಕೊಳ್ಳುತ್ತಿದ್ದ ಬೋಸ್ನಿಯಾದ ಅಜ್ಜಿ ಝೆಹ್ರಾ ಸೋಮವಾರ ತೀರಿಕೊಂಡರು. ಅವರ ಮಗ ಮಯ್ಯಿತ್ತನ್ನು ದಫನಕ್ಕೆ ಬೋಸ್ನಿಯಾಕ್ಕೇ ಒಯ್ದಿದ್ದಾರೆ. ನಾನೊಬ್ಬಳೇ ಫ್ಲಾಟ್ ತೊಳೆಯುತ್ತಿದ್ದೇನೆ.

ಮಾತಿನ ನಡುವೆ ಫೋನ್ ಕಟ್ ಮಾಡುತ್ತೇನೆಂದು ನೀವು ಬೈಯುತ್ತಿದ್ದಿರಿ. ಅದಕ್ಕೆ ಕಾರಣ ಇದು: ಬಾಗಿಲ ಬೆಲ್ ಆದ ಕೂಡಲೇ ಅಜ್ಜಿ ನನ್ನನ್ನು ಬಟ್ಟೆಯ ಕಪಾಟಿನೊಳಗೆ ತಳ್ಳಿ, “ಲೇಯಾ, ಉಸಿರೆತ್ತಬೇಡ” ಎನ್ನುತ್ತಿದ್ದರು. ಮರೆವಿನ ಕಾಯಿಲೆ. ಅವರಿಗೆ ಏಳು ವರ್ಷವಿದ್ದಾಗ, ಹಿಟ್ಲರನ ಕಾಲದಲ್ಲಿ, ಅವರ ಉಪ್ಪ ಪಕ್ಕದ ಮನೆಯ ಯಹೂದಿ ಹುಡುಗಿ ಲೇಯಾಳನ್ನು ಹಾಗೆಯೇ ಅಡಗಿಸಿ ಉಳಿಸಿದ್ದರಂತೆ. ಲೇಯಾಳ ತಾಯಿ ರಾಹೇಲ್, ತಮ್ಮ ಮೋಶೆ ಇಬ್ಬರನ್ನೂ ಸೈನಿಕರು ಹಿಡಿದೊಯ್ದರು. ಅವರು ವಾಪಸ್ ಬರಲಿಲ್ಲ.

ಗುರುವಾರ ಮಗ್ರಿಬ್ ನಮಾಝ್ ಆದ ಮೇಲೆ ನಮ್ಮ ಉಪ್ಪನ ಹೆಸರಲ್ಲಿ ಯಾಸೀನ್ ಓದಿ ದುಆ ಮಾಡುವಾಗ ಝೆಹ್ರಾರನ್ನೂ ಅವರ ಉಪ್ಪನನ್ನೂ ಸೇರಿಸಿ. ರಾಹೇಲ್, ಮೋಶೆ, ಈ ಎರಡು ಹೆಸರನ್ನೂ ಹೇಳಿ. ಸರಿಯೋ ತಪ್ಪೋ ಎಂದು ಉಸ್ತಾದರನ್ನು ಕೇಳಲು ಹೋಗಬೇಡಿ.

ನನ್ನ ಆರೋಗ್ಯ ಚೆನ್ನಾಗಿದೆ. ಊಟ ಸೇರುತ್ತದೆ. ನಿನ್ನೆ ಮಧ್ಯಾಹ್ನ ಬೆಲ್ ಆಯಿತು. ನೀರಿನ ಕ್ಯಾನಿನ ಭಾಯಿ “ಸಿಸ್ಟರ್, ಪಾನಿ! ಯಲ್ಲಾ!” ಎಂದು ಮೂರು ಸಲ ಕೂಗಿ ಹೊರಟುಹೋದ. ಅವನ ಹೆಜ್ಜೆಯ ಸದ್ದು ಇಳಿಯುವವರೆಗೂ ನಾನು ಕಪಾಟಿನೊಳಗೆ ಉಸಿರು ಹಿಡಿದು ಕೂತಿದ್ದೆ.

ನಿಮ್ಮ ಮಗಳು,
ಮಿಸ್ರಿಯಾ