ಹಿತ್ತಲಿನ ಊಟ

ಮೈಸೂರು, ೧೨-೮-೧೯೫೮

ನಮ್ಮ ಹಾಸ್ಟೆಲಿನ ಕಾರ್ಯದರ್ಶಿ ಗುರುಸಿದ್ದಪ್ಪನವರಿಗೆ, ಶರಣು.

ಹೆರಿಗೆ ಆಸ್ಪತ್ರೆಯಲ್ಲಿ ಮಿಡ್‌ವೈಫ್ ತರಬೇತಿ ಪಡೆಯುತ್ತಿರುವ ನನಗೆ ಮೊನ್ನೆಯಿಂದ ಹಾಸ್ಟೆಲಿನ ಹಿತ್ತಲಿನಲ್ಲಿ ಊಟ ಬಡಿಸುತ್ತಿದ್ದಾರೆ. ಯಾಕೆಂದು ಅಡುಗೆಯ ನೀಲಾಜಮ್ಮನವರನ್ನು ಕೇಳಿದೆ. "ಹೆರಿಗೆ ಮುಟ್ಟಿ ಬತ್ತೀಯಲ್ಲ, ಮೈಲಿಗೆ ಕಣಮ್ಮ. ಕಾರ್ಯದರ್ಶಿ ಸಾಹೇಬ್ರೇ ಹೇಳವ್ರೆ" ಅಂದರು.

ನಮ್ಮ ಧರ್ಮದಲ್ಲಿ ಹೆರಿಗೆಯ ಸೂತಕವೇ ಇಲ್ಲವೆಂದು ಕಿರುಹೊತ್ತಗೆ ಅಚ್ಚು ಹಾಕಿಸಿ, ಬಸವ ಜಯಂತಿಯ ದಿನ ನಮಗೆಲ್ಲ ಹಂಚಿದವರು ನೀವು. ನಾನು ಓದಿದೆ. ನೀವೂ ಒಮ್ಮೆ ಓದಿ, ಕಷ್ಟದ ಪದಗಳೇನಿಲ್ಲ.

ನಿನ್ನೆ ಆಸ್ಪತ್ರೆಯ ಮೇಟ್ರನ್ ನನ್ನನ್ನು ಕರೆಸಿ ಹೇಳಿದರು: ನಿಮ್ಮ ಸೊಸೆಯ ಹೆರಿಗೆ ಕೃಷ್ಣಮೂರ್ತಿಪುರಂನ ಮನೆಯಲ್ಲೇ ಆಗಬೇಕಂತೆ, ಡಾಕ್ಟರಮ್ಮನ ಜೊತೆಗೆ "ನಮ್ಮ ಜನದ ಹುಡುಗಿಯೇ" ಬರಬೇಕಂತೆ. ಆ ಹುಡುಗಿ ನಾನೇ. ನಿಮ್ಮ ಮನೆಯ ಬಾಣಂತಿ ಕೋಣೆಗೆ ಆಗುವವಳು ಹಾಸ್ಟೆಲಿನ ಊಟದ ಸಾಲಿಗೆ ಮಾತ್ರ ಹೊಲಸೋ? ನಿಮ್ಮಂಥವರು ಭಾಷಣ ಮಾಡುವುದನ್ನು ಬಿಟ್ಟರೆ ಸಮಾಜ ಅರ್ಧ ಸುಧಾರಿಸುತ್ತದೆ.

ಮಗು ಹುಟ್ಟಿದ ಮೇಲೆ ನಿಮ್ಮ ನಡುಮನೆಯಲ್ಲಿ, ನಿಮ್ಮ ಪಕ್ಕದಲ್ಲೇ ನನಗೆ ಎಲೆ ಹಾಕಿಸಬೇಕು. ಒಪ್ಪಿಗೆಯಿದ್ದರೆ ನೋವು ಶುರುವಾದ ಕೂಡಲೇ ಜಟಕಾ ಕಳಿಸಿ. ಒಪ್ಪಿಗೆಯಿಲ್ಲದಿದ್ದರೂ ಕಳಿಸಿ, ಬರುತ್ತೇನೆ. ನೋವು ತಿನ್ನುವವಳು ನಿಮ್ಮ ಸೊಸೆ, ನೀವಲ್ಲ.

ಗೌರಾಂಬ